ಡಾಕ್ಟರ್ ಆಲೋಯಿಸ್ ಆಲ್ಜೈಮರ್

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗಳಲ್ಲಿ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಪ್ರಕಟಿಸುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಫ್ಲಾರೆನ್ಸ್ ನೈಟಿಂಗೇಲ್, ಪಂಡಿತಾ ರಮಾಬಾಯಿ ಮೊದಲಾದವರ ಚರಿತ್ರೆಗಳನ್ನು ಹಿಂದಿನ ಸಂಚಿಕೆಗಳಲ್ಲಿ ನಮ್ಮ ಹಳೇ ವಿದ್ಯಾರ್ಥಿನಿಯರು ಓದಿರುವರು. ಈ ಸಾರಿ ನಾವು ಆರಿಸಿಕೊಂಡಿರುವವರ ಹೆಸರನ್ನು ಕೇಳದವರು ಈಗ ವಿರಳ; ಆದರೆ ಅದು ಒಬ್ಬ ಮನುಷ್ಯನ ಹೆಸರೆಂದು ನೆನೆಯುವವರು ಅದಕ್ಕಿಂತಲೂ ವಿರಳ. ಒಂದು ರೋಗಕ್ಕೆ ತಮ್ಮ ಹೆಸರನ್ನು ಕೊಟ್ಟು ತಾವು ಅದರ ಹಿಂದೆ ಮರೆಯಾಗಿ ಹೋದ ವೈದ್ಯರಿವರು.

ಇದನ್ನು ಬರೆಯಲು ನಮಗೆ ಪ್ರೇರಣೆಯಾದದ್ದು ಹಳೇ ವಿದ್ಯಾರ್ಥಿನಿಯರ ಕಾಗದಗಳೇ. ಮೊದಲು ಅವುಗಳಲ್ಲಿ ಮದುವೆ, ಮಕ್ಕಳು, ಮಕ್ಕಳ ಪರೀಕ್ಷೆ ಇವುಗಳ ಸಮಾಚಾರವಿರುತ್ತಿತ್ತು. ಈಚೆಗೆ ತಾಯಿಯ, ಅತ್ತೆಯ, ಮುದುಕರಾದ ತಂದೆಯ ಸಮಾಚಾರವೇ ಹೆಚ್ಚಾಗಿ ಬರುತ್ತಿದೆ. ಒಲೆಯ ಮೇಲೆ ಹಾಲಿಟ್ಟು ಮರೆತು ಹೊರಟುಹೋಗುವುದು, ಉಂಡು ಕೈ ತೊಳೆದ ಗಳಿಗೆಯಲ್ಲಿಯೇ ತನಗೆ ಅನ್ನ ಹಾಕಲಿಲ್ಲವೆಂದು ನೆರೆಮನೆಯವರ ಮುಂದೆ ಅಳುವುದು, ತಾನೇ ಬಚ್ಚಿಟ್ಟ ಬಳೆಗಳನ್ನು ಸೊಸೆಯು ಕದ್ದಳೆಂದು ದೂರುವುದು, ಹೆತ್ತ ಮಗನನ್ನೇ ನೀನು ಯಾರ ಮನೆಯವನಪ್ಪಾ ಎಂದು ಕೇಳುವುದು, ಇಂಥ ಸಂಗತಿಗಳನ್ನು ಓದುವಾಗ ಬರೆದವಳ ಆಯಾಸವು ಅಕ್ಷರಗಳಲ್ಲಿಯೇ ಕಾಣುತ್ತದೆ. ಮನೆಯವರು ಇದನ್ನು ಅರವತ್ತರ ಅರಳುಮರಳೆಂದು ನಗುವರು. ಇಲ್ಲವೆ ಹಟವೆಂದು ಗದರುವರು. ಕೆಲವೆಡೆ ಗಾಳಿ ಸೋಕಿತೆಂದು ಹೇಳಿ ತಾಯತವನ್ನು ಕಟ್ಟಿಸುವರು. ಇದಕ್ಕೆ ಕಾರಣವು ಕಣ್ಣಿನಿಂದ ನೋಡಬಹುದಾದ ಒಂದು ಮಿದುಳಿನ ರೋಗವೆಂಬುದನ್ನು ಡಾಕ್ಟರ್ ಆಲ್ಜೈಮರರು ತೋರಿಸಿಕೊಟ್ಟು ನೂರು ವರ್ಷಗಳ ಮೇಲಾಗಿದೆ. ಆ ತಿಳಿವಳಿಕೆಯು ನಮ್ಮ ಮನೆಗಳ ಹೊಸ್ತಿಲನ್ನು ಇನ್ನೂ ಪೂರ್ತಿಯಾಗಿ ದಾಟಿಲ್ಲವೆಂಬುದೇ ನಮ್ಮ ಚಿಂತೆ.

ಆಲೋಯಿಸ್ ಆಲ್ಜೈಮರರು 1864ನೆಯ ಇಸವಿ ಜೂನ್ 14ನೆಯ ತಾರೀಖು ಜರ್ಮನಿಯ ಬವೇರಿಯಾ ಸೀಮೆಯಲ್ಲಿ, ಮೈನ್ ನದಿಯ ದಡದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಎಡುವರ್ಡರು ಪತ್ರಗಳನ್ನು ರುಜುವಾತುಪಡಿಸುವ ನೋಟರಿಯ ಕೆಲಸದಲ್ಲಿದ್ದರು. ಹುಡುಗನ ಪ್ರೌಢ ವಿದ್ಯಾಭ್ಯಾಸವು ಆಶಾಫೆನ್‌ಬುರ್ಗ್ ಪಟ್ಟಣದಲ್ಲಿ ನಡೆಯಿತು. ಬಳಿಕ ಬರ್ಲಿನ್, ವ್ಯುರ್ಟ್ಸ್‌ಬುರ್ಗ್, ಟ್ಯೂಬಿಂಗೆನ್ ಎಂಬ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯಶಾಸ್ತ್ರವನ್ನು ಕಲಿತು 1887ರಲ್ಲಿ ವೈದ್ಯ ಪದವಿಯನ್ನು ಹೊಂದಿದರು. ಆಗ ಅವರು ಬರೆದ ಪ್ರಬಂಧದ ವಿಷಯವು ಕಿವಿಯ ಗುಗ್ಗೆಯನ್ನು ಒಸರುವ ಗ್ರಂಥಿಗಳು! ಇದನ್ನು ಕೇಳಿ ನಮ್ಮ ಮೇಲಿನ ತರಗತಿಯ ಹುಡುಗಿಯರು ನಕ್ಕರು. ಆದರೆ ಆ ಅಲ್ಪ ವಿಷಯದಿಂದಲೇ ಸೂಕ್ಷ್ಮದರ್ಶಕ ಯಂತ್ರದ ಮುಂದೆ ಗಂಟೆಗಟ್ಟಲೆ ಕದಲದೆ ಕೂಡುವ ಅಭ್ಯಾಸವು ಅವರಿಗೆ ಬಂದಿತು. ವಿದ್ಯಾರ್ಥಿದೆಸೆಯಲ್ಲಿ ಅವರು ಎತ್ತರವಾದ ದೃಢಕಾಯದ ವಿನೋದಪ್ರಿಯ ಯುವಕರಾಗಿದ್ದರು. ಆಗಿನ ಜರ್ಮನ್ ವಿದ್ಯಾರ್ಥಿಗಳಲ್ಲಿ ಪ್ರಚಲಿತವಾಗಿದ್ದ ಕತ್ತಿವರಸೆಯ ಹುಚ್ಚು ಅವರಿಗೂ ಇತ್ತು. ಅದರಲ್ಲಿ ಮುಖದ ಮೇಲೆ ಆದ ಗಾಯದ ಕಲೆಯು ಕೊನೆಯವರೆಗೂ ಉಳಿಯಿತು.

1888ರಲ್ಲಿ ಅವರು ಫ್ರಾಂಕ್‌ಫರ್ಟ್ ನಗರದ ಮನೋರೋಗಿಗಳ ಮತ್ತು ಅಪಸ್ಮಾರ ರೋಗಿಗಳ ಆಸ್ಪತ್ರೆಗೆ ಸೇರಿದರು. ಇದನ್ನು ಮೊದಲು ಬೆಳೆಸಿದವರು ಹೈನ್ರಿಚ್ ಹಾಫ್‌ಮನ್ನರು. ಇವರು ತಮ್ಮ ಮಗುವಿಗಾಗಿ ಸ್ಟ್ರುವೆಲ್‌ಪೀಟರ್ ಎಂಬ ಚಿತ್ರಪುಸ್ತಕವನ್ನು ಬರೆದು ಯೂರೋಪಿನ ಮಕ್ಕಳಿಗೆಲ್ಲ ಪರಿಚಿತರಾದವರೇ. ಆಲ್ಜೈಮರರು ಸೇರಿದಾಗ ಎಮಿಲ್ ಸಿಯೋಲಿಯವರು ಮುಖ್ಯಾಧಿಕಾರಿಗಳಾಗಿದ್ದರು. ಮರುವರ್ಷ ಫ್ರಾನ್ಸ್ ನಿಸ್ಲರೆಂಬ ಇನ್ನೊಬ್ಬ ವೈದ್ಯರು ಬಂದರು. ಆ ಕಾಲದಲ್ಲಿ ಇಂಥ ರೋಗಿಗಳನ್ನು ಪಟ್ಟಿಗಳಿಂದ ಬಿಗಿದು ಕತ್ತಲೆಯ ಕೋಣೆಯಲ್ಲಿ ಕೂಡಿಹಾಕುವುದು ಅನೇಕ ಕಡೆಗಳಲ್ಲಿ ನಡೆಯುತ್ತಿತ್ತು. ಈ ಮೂವರೂ ಅದನ್ನು ಆದಷ್ಟು ಬಿಡಿಸಿ, ಉದ್ರೇಕಗೊಂಡವರನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಬಹಳ ಹೊತ್ತು ಕೂಡಿಸಿ ಶಾಂತಪಡಿಸುವುದನ್ನೂ, ತೋಟದಲ್ಲಿ ತಿರುಗಾಡಲು ಬಿಡುವುದನ್ನೂ, ಹತ್ತಿರ ಕುಳಿತು ಮಾತನಾಡಿಸುವುದನ್ನೂ ರೂಢಿಗೆ ತಂದರು. ಹಗಲೆಲ್ಲ ರೋಗಿಗಳ ನಡುವೆ ಕಳೆದು, ಸಂಜೆಯಾದ ಮೇಲೆ ಆಲ್ಜೈಮರರೂ ನಿಸ್ಲರೂ ಸೂಕ್ಷ್ಮದರ್ಶಕದ ಮುಂದೆ ಕೂಡುತ್ತಿದ್ದರು. ಮಿದುಳಿನ ತೆಳುವಾದ ಪದರಗಳಿಗೆ ಬಣ್ಣವೇರಿಸಿ ನರಕೋಶಗಳನ್ನು ಎದ್ದುಕಾಣುವಂತೆ ಮಾಡುವ ವಿಧಾನವೊಂದನ್ನು ನಿಸ್ಲರು ಕಂಡುಹಿಡಿದಿದ್ದರು. ಮನಸ್ಸಿನ ರೋಗಗಳಲ್ಲಿ ಕೆಲವಕ್ಕಾದರೂ ಮಿದುಳಿನಲ್ಲಿ ಗುರುತು ಇರಲೇಬೇಕೆಂಬ ನಂಬಿಕೆಯು ಈ ಸ್ನೇಹದಲ್ಲಿ ಬಲವಾಯಿತು.

1894ರಲ್ಲಿ ಆಲ್ಜೈಮರರು ಸೆಸಿಲಿಯಾ ಎಂಬ ಶ್ರೀಮಂತ ವಿಧವೆಯನ್ನು ವಿವಾಹವಾದರು. ಗೆರ್ಟ್ರೂಡ್, ಹಾನ್ಸ್, ಮಾರಿಯಾ ಎಂಬ ಮೂವರು ಮಕ್ಕಳಾದರು. 1901ರ ಫೆಬ್ರವರಿಯಲ್ಲಿ ಪತ್ನಿಯು ತೀರಿಕೊಂಡಾಗ ಕಿರಿಯ ಮಗುವಿಗೆ ಇನ್ನೂ ಹಾಲುಹಲ್ಲು. ಆಗ ಅವರ ಸಹೋದರಿ ಎಲಿಸಬೆತ್ ಎಂಬಾಕೆಯು ಬಂದು ಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಭಾರವನ್ನು ಹೊತ್ತಳು. ಈಕೆಯ ವಿಷಯವಾಗಿ ಚರಿತ್ರಕಾರರು ಒಂದೆರಡು ಸಾಲುಗಳಿಗಿಂತ ಹೆಚ್ಚಾಗಿ ಬರೆಯುವುದಿಲ್ಲ. ಅಣ್ಣನು ರಾತ್ರಿ ಬಹುಹೊತ್ತಿನವರೆಗೂ ಪ್ರಯೋಗಶಾಲೆಯಲ್ಲಿ ಇರಲು ಸಾಧ್ಯವಾದದ್ದು ಮನೆಯಲ್ಲಿ ಒಬ್ಬಳು ಎಚ್ಚರವಾಗಿದ್ದುದರಿಂದಲೇ ಎಂದು ನಾವು ತಿಳಿಯುತ್ತೇವೆ. ಈ ಸಂಚಿಕೆಯನ್ನು ಓದುವ ಹಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪತ್ನಿಯನ್ನು ಕಳೆದುಕೊಂಡ ಆ ವರ್ಷವೇ, ನವೆಂಬರ್ 25ನೆಯ ತಾರೀಖು, ಆಗುಸ್ಟೆ ಡೀಟರ್ ಎಂಬ 51 ವರ್ಷ ವಯಸ್ಸಿನ ಸ್ತ್ರೀಯನ್ನು ಆಕೆಯ ಗಂಡನು ಆಸ್ಪತ್ರೆಗೆ ಕರೆತಂದನು. ಆತನು ರೈಲ್ವೆಯಲ್ಲಿ ಗುಮಾಸ್ತ. ಅವರದು ಬಹುವರ್ಷಗಳ ಅನ್ಯೋನ್ಯ ದಾಂಪತ್ಯ. ಮೊದಲು ಕಾಣಿಸಿದ್ದು ಮರೆವಲ್ಲ, ಸಂಶಯ. ಗಂಡನು ನೆರೆಯ ಹೆಂಗಸಿನೊಡನೆ ಹೋಗುತ್ತಾನೆಂದು ಆಕೆಯು ಇದ್ದಕ್ಕಿದ್ದಂತೆ ಹಟ ಹಿಡಿದಳು. ಕೆಲವು ಕಾಲದಲ್ಲಿಯೇ ಅಡಿಗೆಯು ಕೆಡಲಾರಂಭಿಸಿತು. ಸಾಮಾನುಗಳನ್ನು ಎಲ್ಲೆಲ್ಲಿಯೋ ಅಡಗಿಸಿಟ್ಟು ಹುಡುಕತೊಡಗಿದಳು. ಗೊತ್ತುಗುರಿಯಿಲ್ಲದೆ ಮನೆಯೊಳಗೆ ಸುತ್ತುತ್ತಿದ್ದಳು. ಪರಿಚಿತರನ್ನು ಕಂಡು ಹೆದರಿಕೊಳ್ಳುತ್ತಿದ್ದಳು.

ಮರುದಿನ ಆಲ್ಜೈಮರರು ಆಕೆಯ ಹಾಸಿಗೆಯ ಬಳಿ ಕುಳಿತು ಮಾತನಾಡಿಸಲಾರಂಭಿಸಿದರು. ಆ ಪರೀಕ್ಷೆಯು ದಿನದಿನವೂ ಮುಂದುವರಿಯಿತು. ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಅವರು ಬಂದಂತೆಯೇ ಬರೆದುಕೊಂಡರು. ಆಕೆಯು ತನ್ನ ಹೆಸರನ್ನು ಹೇಳಿದಳು. ಗಂಡನ ಹೆಸರನ್ನು ಕೇಳಿದಾಗಲೂ ತನ್ನ ಹೆಸರನ್ನೇ ಹೇಳಿದಳು. ಸೀಸದ ಕಡ್ಡಿ, ಬೀಗದ ಕೈ ಮೊದಲಾದ ವಸ್ತುಗಳನ್ನು ತೋರಿಸಿದಾಗ ಸರಿಯಾಗಿ ಗುರುತಿಸಿದಳು; ಸ್ವಲ್ಪ ಹೊತ್ತಿನ ಮೇಲೆ ಏನೇನು ತೋರಿಸಿದೆನೆಂದರೆ ಒಂದೂ ನೆನಪಿಲ್ಲ. ಮಧ್ಯಾಹ್ನದ ಊಟಕ್ಕೆ ಹೂಕೋಸನ್ನೂ ಮಾಂಸವನ್ನೂ ತಿನ್ನುತ್ತಿರುವಾಗ ಏನು ತಿನ್ನುತ್ತಿರುವೆ ಎಂದು ಕೇಳಿದರೆ ಸೊಪ್ಪೆಂದಳು. ಕಾಗದವನ್ನು ಕೊಟ್ಟು ಹೆಸರನ್ನು ಬರೆಯೆಂದಾಗ ಶ್ರೀಮತಿ ಎಂಬ ಅರ್ಥದ ಮೊದಲ ಮಾತನ್ನು ಬರೆದು ಮುಂದಿನದನ್ನು ಮರೆತು ನಿಂತಳು. ಹೀಗೆ ತಡಕಾಡುವಾಗ, ತನ್ನನ್ನು ತಾನೇ ಕಳೆದುಕೊಂಡುಬಿಟ್ಟೆನೆಂಬ ಅಭಿಪ್ರಾಯದ ಮಾತು ಆಕೆಯ ಬಾಯಿಂದ ಹೊರಟಿತು. ಆಲ್ಜೈಮರರು ಅದನ್ನೂ ಬರೆದಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ನಮಗೆ ತೋರುತ್ತದೆ. ಆ ಕಾಲದ ದೊಡ್ಡ ವೈದ್ಯನಿಗೆ ಬುದ್ಧಿಗೆಟ್ಟ ಗುಮಾಸ್ತನ ಹೆಂಡತಿಯ ಮಾತಿನಿಂದ ಆಗತಕ್ಕ ಲಾಭವೇನು? ಆಕೆಯ ಹೆಸರಿನ ಮುಂದೆ ಚಿತ್ತಭ್ರಮೆಯೆಂದು ಒಂದು ಪದವನ್ನು ಬರೆದು ಮುಂದಿನ ಹಾಸಿಗೆಗೆ ಹೋಗಬಹುದಾಗಿತ್ತು. ಆಲ್ಜೈಮರರು ಆಕೆಗೆ ಏನು ಉಳಿದಿದೆ, ಏನು ಹೋಗಿದೆ, ಯಾವುದು ಮೊದಲು ಹೋಯಿತು ಎಂಬುದನ್ನು ವಿಂಗಡಿಸಿ ನೋಡಿದರು. ಅವರ ಕೀರ್ತಿಯೆಲ್ಲ ಸೂಕ್ಷ್ಮದರ್ಶಕದಿಂದ ಬಂದಿತೆಂದು ಸಾಮಾನ್ಯವಾಗಿ ಹೇಳುವರು. ನಮ್ಮ ಮತದಲ್ಲಿ ಅವರ ಮೊದಲಿನ ಸಾಧನವು ಹಾಸಿಗೆಯ ಪಕ್ಕದ ಆ ಕುರ್ಚಿಯೇ.

ನಮ್ಮಲ್ಲಿಯೇ ಬಹುವರ್ಷ ಗಣಿತವನ್ನು ಕಲಿಸಿ ವಿಶ್ರಾಂತಿ ಹೊಂದಿದ್ದ ಉಪಾಧ್ಯಾಯಿನಿಯೊಬ್ಬರ ನೆನಪು ಈ ಸಂದರ್ಭದಲ್ಲಿ ಬರುತ್ತದೆ. ಕಡೆಯ ವರ್ಷಗಳಲ್ಲಿ ಅವರು ಬೆಳಿಗ್ಗೆ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಇಸ್ತ್ರಿಯ ಸೀರೆಯುಟ್ಟು ಕೊಡೆ ಹಿಡಿದು ಗೇಟಿನ ಬಳಿ ಬಂದು ನಿಲ್ಲುತ್ತಿದ್ದರು. ನಮ್ಮ ಜವಾನನು ಅವರನ್ನು ಒಂದು ದಿನವೂ ಹಿಂದಕ್ಕೆ ಕಳುಹಿಸಲಿಲ್ಲ; ನಮಸ್ಕರಿಸಿ ಒಳಗೆ ಕರೆತಂದು, ಹಳೆಯ ಕುರ್ಚಿಯಲ್ಲಿ ಕೂಡಿಸಿ, ಅವರ ತಂಗಿಗೆ ಹೇಳಿಕಳುಹಿಸುತ್ತಿದ್ದನು. ಹತ್ತೊಂಬತ್ತರ ಮಗ್ಗಿಯನ್ನು ಅವರು ತಪ್ಪಿಲ್ಲದೆ ಹೇಳುತ್ತಿದ್ದರು. ಆಗತಾನೆ ಕುಡಿದ ಕಾಫಿಯ ನೆನಪಿರುತ್ತಿರಲಿಲ್ಲ. ನೋಡುವವರಿಗೆ ಇದು ನಟನೆಯಂತೆ ತೋರಬಹುದು. ಹೊಸ ಸಂಗತಿಯನ್ನು ನೆನಪಿನ ಉಗ್ರಾಣಕ್ಕೆ ಸೇರಿಸುವ ಮಿದುಳಿನ ಭಾಗವನ್ನೇ ಈ ರೋಗವು ಮೊದಲು ಹಿಡಿಯುವುದರಿಂದ, ಹಳೆಯದು ಉಳಿದು ಹೊಸದು ನಿಲ್ಲದೆ ಹೋಗುತ್ತದೆಂದು ವೈದ್ಯರು ತಿಳಿಸುತ್ತಾರೆ.

ಚರಿತ್ರೆಗೆ ಹಿಂದಿರುಗೋಣ. ಆಲ್ಜೈಮರರು ಫ್ರಾಂಕ್‌ಫರ್ಟನ್ನು ಬಿಟ್ಟು, ಎಮಿಲ್ ಕ್ರೇಪೆಲಿನ್ನರೆಂಬ ಸುಪ್ರಸಿದ್ಧ ಮನೋವೈದ್ಯರ ಕರೆಯಂತೆ ಹೈಡೆಲ್‌ಬರ್ಗಿನಲ್ಲಿ ಸ್ವಲ್ಪ ಕಾಲವಿದ್ದು, 1903ರಲ್ಲಿ ಅವರೊಡನೆಯೇ ಮ್ಯೂನಿಕ್ ನಗರಕ್ಕೆ ಹೋದರು. ಪತ್ನಿಯ ಆಸ್ತಿಯಿದ್ದುದರಿಂದ ಮ್ಯೂನಿಕ್ಕಿನಲ್ಲಿ ಮೊದಲು ಸಂಬಳವಿಲ್ಲದೆಯೇ ದುಡಿದರು. ಅವರ ಪ್ರಯೋಗಶಾಲೆಗೆ ಇಟಲಿ, ಸ್ಪೇನ್, ಅಮೆರಿಕ ಮೊದಲಾದ ದೇಶಗಳಿಂದ ವಿದ್ಯಾರ್ಥಿಗಳು ಬಂದರು. ಗುರುಗಳು ಒಬ್ಬೊಬ್ಬರ ಪಕ್ಕದಲ್ಲಿಯೂ ಕುಳಿತು ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ವಿವರಿಸುತ್ತಿದ್ದರಂತೆ. ಚುಟ್ಟವನ್ನು ಹೊತ್ತಿಸಿ, ಮೇಜಿನ ಮೇಲಿಟ್ಟು, ನೋಡುವುದರಲ್ಲಿ ತಲ್ಲೀನರಾಗಿ ಅದನ್ನು ಮರೆತು ಮುಂದಿನವನ ಬಳಿ ಹೋಗುತ್ತಿದ್ದರಂತೆ. ಸಂಜೆಗೆ ಪ್ರತಿ ವಿದ್ಯಾರ್ಥಿಯ ಮೇಜಿನ ಮೇಲೂ ಒಂದೊಂದು ಚುಟ್ಟದ ತುಂಡು ಉಳಿದಿರುತ್ತಿತ್ತೆಂದು ಶಿಷ್ಯರು ವಿನೋದವಾಗಿ ಹೇಳುತ್ತಿದ್ದರು. ಮರೆವಿನ ರೋಗವನ್ನು ಕಂಡುಹಿಡಿದವರ ಈ ಮರೆವು ನಿರಪಾಯವಾದದ್ದು. ಧೂಮಪಾನವು ಮಾತ್ರ ಹಾಗಲ್ಲ.

ಆ ಶಿಷ್ಯರಲ್ಲಿ ಸಾಲೊಮನ್ ಫುಲ್ಲರ್ ಎಂಬ ಕರಿಯ ಜನಾಂಗದ ವೈದ್ಯರೊಬ್ಬರಿದ್ದರು. ಇವರು ಆಫ್ರಿಕದ ಲೈಬೀರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಿತವರು. ಇವರ ಪೂರ್ವಿಕರು ಗುಲಾಮತನವನ್ನು ಅನುಭವಿಸಿದ್ದವರು. ಹಿಂದಿರುಗಿದ ಮೇಲೆ ಈ ರೋಗದ ವಿಷಯವನ್ನು 1912ರಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಮೊದಲು ವಿಸ್ತಾರವಾಗಿ ವಿಮರ್ಶಿಸಿದವರು ಇವರೇ. ಇವರ ಹೆಸರು ಪಠ್ಯಪುಸ್ತಕಗಳಲ್ಲಿ ಬಹುಕಾಲ ಬರಲಿಲ್ಲ.

ಮ್ಯೂನಿಕ್ಕಿಗೆ ಹೋದ ಮೇಲೂ ಆಲ್ಜೈಮರರು ಫ್ರಾಂಕ್‌ಫರ್ಟಿನ ರೋಗಿಯನ್ನು ಮರೆಯಲಿಲ್ಲ. ಆಕೆಯ ಸ್ಥಿತಿಯನ್ನು ವಿಚಾರಿಸುತ್ತಲೇ ಇದ್ದರು. ಆಗುಸ್ಟೆಯು ಕ್ರಮವಾಗಿ ಮಾತನ್ನು ಕಳೆದುಕೊಂಡು, ಕೊನೆಗೆ ಕಾಲುಗಳನ್ನು ಮುದುರಿಕೊಂಡು ಹಾಸಿಗೆಯಲ್ಲಿಯೇ ಮಲಗಿದಳು. ಹಾಸಿಗೆ ಹುಣ್ಣುಗಳಾಗಿ, ಅವುಗಳ ನಂಜು ರಕ್ತಕ್ಕೆ ಸೇರಿ, 1906ನೆಯ ಇಸವಿ ಏಪ್ರಿಲ್ 8ರಂದು ತೀರಿಕೊಂಡಳು. ಮಲಗಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕೆಂದು ಈಗಿನ ದಾದಿಯರು ಹೇಳುವುದು ಏಕೆಂದು ಇದರಿಂದ ತಿಳಿಯಬಹುದು. ಸಿಯೋಲಿಯವರು ಆಕೆಯ ದಾಖಲೆಗಳನ್ನೂ ಮಿದುಳನ್ನೂ ಮ್ಯೂನಿಕ್ಕಿಗೆ ಕಳುಹಿಸಿಕೊಟ್ಟರು.

ಅದಕ್ಕೆ ಕೆಲವೇ ವರ್ಷಗಳ ಹಿಂದೆ ಮಾಕ್ಸ್ ಬೀಲ್‌ಶೋವ್‌ಸ್ಕಿ ಎಂಬವರು ಬೆಳ್ಳಿಯ ಲವಣದಿಂದ ನರತಂತುಗಳನ್ನು ಕಪ್ಪಾಗಿ ಕಾಣಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಆಲ್ಜೈಮರರು ಆ ವಿಧಾನದಿಂದ ಮಿದುಳಿನ ಪದರಗಳನ್ನು ಸಿದ್ಧಪಡಿಸಿ ನೋಡಿದರು. ಮಿದುಳು ಕುಗ್ಗಿಹೋಗಿತ್ತು, ನರಕೋಶಗಳಲ್ಲಿ ಬಹಳಷ್ಟು ನಾಶವಾಗಿದ್ದವು. ಉಳಿದ ಕೋಶಗಳ ಒಳಗೆ ತಂತುಗಳು ಸಿಕ್ಕುಗಟ್ಟಿ, ಹಾಳಾದ ಲಡಿಯ ನೂಲಿನಂತೆ ಸುರುಳಿಗೊಂಡಿದ್ದವು. ಕೆಲವೆಡೆ ಕೋಶವು ಅಳಿದುಹೋಗಿ ಸಿಕ್ಕೊಂದೇ ಉಳಿದಿತ್ತು. ಕೋಶಗಳ ಹೊರಗೆ, ಮಿದುಳಿನ ಮೇಲ್ಪದರದಲ್ಲೆಲ್ಲ, ಅದುವರೆಗೆ ಗುರುತಿಸಲಾಗದ ಒಂದು ವಸ್ತುವು ಸಣ್ಣ ಸಣ್ಣ ಚುಕ್ಕೆಗಳಾಗಿ ಗಟ್ಟಿಕಟ್ಟಿತ್ತು. ಈ ಚುಕ್ಕೆಗಳಿಗೆ ಅವರು ಬಳಸಿದ ಶಾಸ್ತ್ರೀಯ ಪದದ ಮೂಲದಲ್ಲಿ ಕಿರುಧಾನ್ಯವೆಂಬ ಅರ್ಥವುಂಟು. ನವಣೆ ಸಾವೆಗಳನ್ನು ಕಂಡಿರುವ ನಮ್ಮವರಿಗೆ ಆ ಹೋಲಿಕೆಯು ಸುಲಭವಾಗಿ ತಿಳಿಯುವುದು. ಚುಕ್ಕೆಗಳನ್ನು ಮುಪ್ಪಿನವರ ಮಿದುಳಿನಲ್ಲಿ ಬೇರೆಯವರು ಮುಂಚೆಯೇ ಕಂಡಿದ್ದರು. ಒಳಗಿನ ಸಿಕ್ಕುಗಳನ್ನು ಹೀಗೆ ಸ್ಪಷ್ಟವಾಗಿ ವರ್ಣಿಸಿ, ಎರಡನ್ನೂ ಹಾಸಿಗೆಯ ಬಳಿ ಬರೆದಿಟ್ಟಿದ್ದ ಟಿಪ್ಪಣಿಗಳೊಡನೆ ಹೊಂದಿಸಿ ತೋರಿಸಿದ್ದು ಆಲ್ಜೈಮರರ ಕಾರ್ಯ.

1906ರ ನವೆಂಬರ್ ಮೊದಲಲ್ಲಿ ಟ್ಯೂಬಿಂಗೆನ್ ಪಟ್ಟಣದಲ್ಲಿ ನೈಋತ್ಯ ಜರ್ಮನಿಯ ಮನೋವೈದ್ಯರ ಸಭೆಯು ಸೇರಿದಾಗ ಅವರು ಇದನ್ನೆಲ್ಲ ನಿವೇದಿಸಿದರು. ಸಭಿಕರಲ್ಲಿ ಒಬ್ಬರೂ ಒಂದು ಪ್ರಶ್ನೆಯನ್ನಾದರೂ ಕೇಳಲಿಲ್ಲ. ಮುಂದಿನ ಉಪನ್ಯಾಸಕ್ಕೆ ಎಲ್ಲರೂ ಆತುರಪಡುತ್ತಿದ್ದರು. ಮರುವರ್ಷ ಅದು ಒಂದು ಚಿಕ್ಕ ಲೇಖನವಾಗಿ ಅಚ್ಚಾಯಿತು. 1910ರಲ್ಲಿ ಕ್ರೇಪೆಲಿನ್ನರು ತಮ್ಮ ಮಹಾಗ್ರಂಥದ 8ನೆಯ ಮುದ್ರಣದಲ್ಲಿ ಇದಕ್ಕೆ ಆಲ್ಜೈಮರ್ ರೋಗವೆಂಬ ಹೆಸರನ್ನಿಟ್ಟರು. ಇದೇ ಕಾಲದಲ್ಲಿ ಪ್ರಾಗ್ ನಗರದ ಆಸ್ಕರ್ ಫಿಷರ್ ಎಂಬವರು ಹದಿನಾರು ಮಂದಿ ಮುದುಕರ ಮಿದುಳುಗಳನ್ನು ಪರೀಕ್ಷಿಸಿ ಹನ್ನೆರಡರಲ್ಲಿ ಈ ಚುಕ್ಕೆಗಳನ್ನು ವರ್ಣಿಸಿದ್ದರು. ಯೆಹೂದ್ಯರಾದ ಇವರು 1942ರಲ್ಲಿ ನಾಜಿಗಳ ಸೆರೆಶಿಬಿರದಲ್ಲಿ ಮಡಿದರು. ಲೋಕವು ಇವರನ್ನು ಬಹುಕಾಲ ಮರೆತೇಬಿಟ್ಟಿತು. ಆಲ್ಜೈಮರರಿಗೆ ತಮ್ಮ ಹೆಸರಿನ ರೋಗವು ಪ್ರತ್ಯೇಕವಾದದ್ದೆಂಬ ನಿಶ್ಚಯವಿರಲಿಲ್ಲ. ನಡುವಯಸ್ಸಿನ ಈ ರೋಗವೂ ಮುಪ್ಪಿನ ಬುದ್ಧಿನಾಶವೂ ಒಂದೇ ಇರಬಹುದೆಂದು 1911ರಲ್ಲಿ ಅವರೇ ಬರೆದರು. ತನ್ನ ಹೆಸರಿನಲ್ಲಿ ಕಟ್ಟಿದ ಮನೆಯ ಗೋಡೆಯನ್ನು ತಾನೇ ತಟ್ಟಿ ನೋಡುವ ವಿದ್ವಾಂಸರು ಹೆಚ್ಚು ಮಂದಿ ಇರಲಾರರು.

ಅವರ ಸಂದೇಹವು ಸರಿಯಾಗಿತ್ತೆಂದು ತಿಳಿಯಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅದುವರೆಗೆ ಆಲ್ಜೈಮರ್ ರೋಗವು ನಡುವಯಸ್ಸಿನವರಿಗೆ ಬರುವ ಅಪರೂಪದ ವ್ಯಾಧಿ, ಮುದುಕರ ಮರೆವು ಸಹಜವಾದದ್ದು ಎಂದು ವೈದ್ಯರೇ ಹೇಳುತ್ತಿದ್ದರು. ಅರಳುಮರಳೆಂಬ ನಮ್ಮ ಮಾತಿಗೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಬ್ಲೆಸ್ಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು ವೈದ್ಯರು ಮುಪ್ಪಿನಲ್ಲಿ ಬುದ್ಧಿ ಕಳೆದುಕೊಂಡು ಸತ್ತವರ ಮಿದುಳುಗಳಲ್ಲಿಯೂ ಅವೇ ಸಿಕ್ಕುಗಳನ್ನೂ ಚುಕ್ಕೆಗಳನ್ನೂ ಕಂಡರು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ನರು ಎರಡೂ ಒಂದೇ ರೋಗವೆಂದು ಸಾರಿದರು. 1984ರಲ್ಲಿ ಆ ಗುರುತಿಸಲಾಗದ ವಸ್ತುವಿನ ಮೂಲವು ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನ ತುಣುಕೆಂದು ಗ್ಲೆನ್ನರ್ ಮತ್ತು ವಾಂಗ್ ಎಂಬವರು ತಿಳಿದರು. ಒಳಗಿನ ಸಿಕ್ಕು ಟೌ ಎಂಬ ಬೇರೊಂದು ಪ್ರೋಟೀನಿನದೆಂದು ಅದೇ ದಶಕದಲ್ಲಿ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಲೋಕದಲ್ಲಿ 5 ಕೋಟಿ 70 ಲಕ್ಷ ಮಂದಿಗೆ ಡಿಮೆನ್ಶಿಯಾ ಇತ್ತು. ಅದರಲ್ಲಿ ಬಹುಪಾಲು ಈ ರೋಗವೇ. ನಮ್ಮ ದೇಶದಲ್ಲಿ 60 ವರ್ಷ ಮೀರಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು, ಎಂದರೆ ಸುಮಾರು 88 ಲಕ್ಷ ಮಂದಿಗೆ ಉಂಟೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು.

ಔಷಧದ ಸಂಗತಿಯನ್ನು ಕೇಳುವವರು ಬಹಳ. 1996ರಿಂದ ಡೊನೆಪೆಜಿಲ್ ಎಂಬ ಮಾತ್ರೆಯು ಬಳಕೆಯಲ್ಲಿದೆ. ಅದು ಕೆಲವರಿಗೆ ಕೆಲವು ಕಾಲ ಆಸರೆಯಾಗುವುದೇ ಹೊರತು ರೋಗದ ನಡಿಗೆಯನ್ನು ತಡೆಯುವುದಿಲ್ಲ. 2023ರಲ್ಲಿ ಲೆಕಾನೆಮಾಬ್, 2024ರಲ್ಲಿ ಡೊನಾನೆಮಾಬ್ ಎಂಬ ಔಷಧಗಳಿಗೆ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ದೊರೆಯಿತು. ಇವು ಆಲ್ಜೈಮರರು ಕಂಡ ಆ ಚುಕ್ಕೆಗಳನ್ನೇ ಮಿದುಳಿನಿಂದ ತೊಳೆಯುತ್ತವೆ. ಸುಮಾರು 1,800 ಮಂದಿಯ ಮೇಲೆ 18 ತಿಂಗಳು ನಡೆದ ಪರೀಕ್ಷೆಯಲ್ಲಿ ಲೆಕಾನೆಮಾಬ್ ರೋಗದ ಇಳಿತವನ್ನು ನೂರಕ್ಕೆ 27ರಷ್ಟು ನಿಧಾನಗೊಳಿಸಿತು. ರೋಗದ ಆರಂಭದಲ್ಲಿ ಇರುವವರಿಗೆ ಮಾತ್ರ ಇವುಗಳನ್ನು ಕೊಡಬಹುದು, ಮಿದುಳಿನಲ್ಲಿ ಬಾವು, ರಕ್ತಸ್ರಾವ ಆಗುವ ಭಯವುಂಟು, ವೆಚ್ಚವೂ ಅಪಾರ. ಹೋದ ನೆನಪನ್ನು ಇವು ಮರಳಿ ತರುವುದಿಲ್ಲ. ಹೀಗಿರಲು, ವಾಸಿಮಾಡುವೆವೆಂದು ಪುಡಿಗಳನ್ನೂ ಎಣ್ಣೆಗಳನ್ನೂ ಮಾರುವವರ ಮಾತನ್ನು ನಂಬಿ ಹಣ ಕಳೆದುಕೊಳ್ಳಬಾರದೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಬಾರದಂತೆ ನೋಡಿಕೊಳ್ಳುವ ವಿಷಯದಲ್ಲಿ ಆಶೆಯು ಇದಕ್ಕಿಂತ ಹೆಚ್ಚಾಗಿದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಲಿಯು 2024ರಲ್ಲಿ 14 ಕಾರಣಗಳನ್ನು ಹೆಸರಿಸಿ, ಅವೆಲ್ಲವನ್ನೂ ನಿವಾರಿಸಿದರೆ ಡಿಮೆನ್ಶಿಯಾದಲ್ಲಿ ನೂರಕ್ಕೆ ಸುಮಾರು 45 ಪಾಲನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಿಹಿಮೂತ್ರ ರೋಗ, ಕೊಬ್ಬು, ಧೂಮಪಾನ, ಮದ್ಯ ಇವು ಹೃದಯಕ್ಕೆ ಮಾತ್ರವಲ್ಲದೆ ಮಿದುಳಿಗೂ ಶತ್ರುಗಳು. ಕಿವುಡನ್ನೂ ಕಣ್ಣಿನ ಮಂಜನ್ನೂ ಉಪೇಕ್ಷಿಸುವುದು, ಒಂಟಿಯಾಗಿ ಮೂಲೆ ಹಿಡಿಯುವುದು ಇವೂ ಆ ಪಟ್ಟಿಯಲ್ಲಿವೆ. ಮುದುಕಿಗೆ ಇನ್ನು ಕಿವಿಯಂತ್ರವೇಕೆಂದು ಕೇಳುವ ಗಂಡುಮಕ್ಕಳು ಇದನ್ನು ಎರಡು ಸಾರಿ ಓದಬೇಕು. ಪಟ್ಟಿಯಲ್ಲಿ ಬಾಲ್ಯಕ್ಕೆ ಸಂಬಂಧಿಸಿದ ಕಾರಣವೊಂದಿದೆ: ಶಾಲೆಯ ವಿದ್ಯಾಭ್ಯಾಸವಿಲ್ಲದಿರುವುದು. ಹುಡುಗಿಯನ್ನು ಎಂಟನೆಯ ತರಗತಿಗೆ ಬಿಡಿಸುವ ತಂದೆಯು ಆಕೆಯ ಎಪ್ಪತ್ತನೆಯ ವಯಸ್ಸಿನ ನೆನಪಿನಿಂದಲೂ ಒಂದು ಪಾಲನ್ನು ಕಿತ್ತುಕೊಳ್ಳುತ್ತಿರಬಹುದೆಂದು ಅವನಿಗೆ ಯಾರು ತಿಳಿಸುವರು?

ಇದಕ್ಕೆ ಹೊಂದುವ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. 1986ರಿಂದ ಅಮೆರಿಕದಲ್ಲಿ ಡೇವಿಡ್ ಸ್ನೋಡನ್ ಎಂಬವರು 678 ಮಂದಿ ವೃದ್ಧ ಕ್ರೈಸ್ತ ಸಂನ್ಯಾಸಿನಿಯರನ್ನು ಅವರ ಕೊನೆಯವರೆಗೂ ಪರೀಕ್ಷಿಸುತ್ತ ಬಂದರು. ಅವರಲ್ಲಿ ಹೆಚ್ಚಿನವರು ನಮ್ಮಂತೆ ಉಪಾಧ್ಯಾಯಿನಿಯರು. ಮರಣಾನಂತರ ತಮ್ಮ ಮಿದುಳುಗಳನ್ನು ಪರೀಕ್ಷೆಗೆ ಕೊಡಲು ಅವರೆಲ್ಲರೂ ಒಪ್ಪಿದ್ದರು. ಸಿಸ್ಟರ್ ಮೇರಿ ಎಂಬಾಕೆಯು 101 ವರ್ಷ ಬಾಳಿದರು. ಕೊನೆಯ ಪರೀಕ್ಷೆಗಳಲ್ಲಿಯೂ ಅವರ ಬುದ್ಧಿಯು ಚುರುಕಾಗಿತ್ತು. ಆದರೆ ಅವರ ಮಿದುಳಿನಲ್ಲಿ ಸಿಕ್ಕುಗಳೂ ಚುಕ್ಕೆಗಳೂ ಹೇರಳವಾಗಿದ್ದವು. ರೋಗದ ಗುರುತಿದ್ದರೂ ರೋಗವು ತೋರದಂತೆ ಕಾಯುವ ಒಂದು ಮೀಸಲು ನಿಧಿಯು ಮಿದುಳಿನಲ್ಲಿ ಇರಬಹುದೆಂಬ ವಿಚಾರಕ್ಕೆ ಇದು ಬಲ ಕೊಟ್ಟಿತು. ಯೌವನದಲ್ಲಿ ಆ ಸಂನ್ಯಾಸಿನಿಯರು ಬರೆದ ಆತ್ಮಕಥೆಯ ಚಿಕ್ಕ ಪ್ರಬಂಧಗಳಲ್ಲಿ ಯಾರ ವಾಕ್ಯಗಳು ವಿಚಾರಗಳಿಂದ ತುಂಬಿದ್ದವೋ ಅವರಿಗೆ ಮುಪ್ಪಿನಲ್ಲಿ ಈ ರೋಗವು ವಿರಳವಾಗಿತ್ತೆಂದೂ ಕಂಡುಬಂದಿತು. ಪ್ರಬಂಧದಲ್ಲಿ ಕಡಮೆ ಅಂಕ ಪಡೆದಿದ್ದ ಹಳೇ ವಿದ್ಯಾರ್ಥಿನಿಯರು ಗಾಬರಿಯಾಗಬೇಕಾಗಿಲ್ಲ. ಒಂದು ಇನ್ನೊಂದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರದವರು 45 ವರ್ಷ ಮೀರಿದವರನ್ನು ವರ್ಷವರ್ಷವೂ ಪರೀಕ್ಷಿಸುವ ಕಾರ್ಯವನ್ನು ಕೈಗೊಂಡಿರುವರು. ರಾಗಿ ಮುದ್ದೆ ತಿಂದು ಹೊಲದಲ್ಲಿ ದುಡಿದ ಜನರ ಮಿದುಳಿನ ವಿಷಯವಾಗಿ ಪರದೇಶದ ಲೆಕ್ಕಗಳನ್ನೇ ನೆಚ್ಚದೆ ನಮ್ಮಲ್ಲಿಯೇ ತಿಳಿಯುವ ಪ್ರಯತ್ನವಿದು.

ಆಲ್ಜೈಮರರು ಇವೊಂದನ್ನೂ ಕಾಣಲಿಲ್ಲ. 1912ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾನಿಲಯದಲ್ಲಿ ಮನೋರೋಗ ಶಾಸ್ತ್ರದ ಪ್ರಾಧ್ಯಾಪಕರಾಗಿ ಅವರಿಗೆ ನೇಮಕವಾಯಿತು. ಆ ಊರು ಈಗ ಪೋಲೆಂಡಿಗೆ ಸೇರಿ ವ್ರೊತ್ಸ್‌ವಾಫ್ ಎಂಬ ಹೆಸರಿನಿಂದಿದೆ. ಹೊಸ ಕೆಲಸಕ್ಕೆಂದು ರೈಲಿನಲ್ಲಿ ಹೋಗುವಾಗಲೇ ಅಸ್ವಸ್ಥರಾದರು. ಅದು ಹೃದಯಕ್ಕೆ ಇಳಿಯಿತು. ಪೂರ್ತಿಯಾಗಿ ಗುಣವಾಗಲೇ ಇಲ್ಲ. 1914ರಲ್ಲಿ ಮಹಾಯುದ್ಧವು ಪ್ರಾರಂಭವಾಗಿ ವೈದ್ಯರ ಮೇಲಿನ ಭಾರವು ಹೆಚ್ಚಿತು. 1915ನೆಯ ಇಸವಿ ಡಿಸೆಂಬರ್ 19ರಂದು, ತಮ್ಮ 51ನೆಯ ವಯಸ್ಸಿನಲ್ಲಿ, ಎಂದರೆ ಆಗುಸ್ಟೆಯು ಆಸ್ಪತ್ರೆಗೆ ಬಂದ ವಯಸ್ಸಿನಲ್ಲಿಯೇ, ಅವರು ದೈವಾಧೀನರಾದರು. ಅವರ ದೇಹವನ್ನು ಫ್ರಾಂಕ್‌ಫರ್ಟಿಗೆ ತಂದು ಪತ್ನಿಯ ಸಮಾಧಿಯ ಪಕ್ಕದಲ್ಲಿ ಹೂಳಿದರು.

ಆಗುಸ್ಟೆಯ ದಾಖಲೆಗಳು ಎಲ್ಲಿ ಹೋದುವೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1995ರ ಡಿಸೆಂಬರಿನಲ್ಲಿ ಕಾನ್ರಾಡ್ ಮೌರರ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಫ್ರಾಂಕ್‌ಫರ್ಟಿನ ಆಸ್ಪತ್ರೆಯ ಹಳೆಯ ಕಡತಗಳ ನಡುವೆ ಅವುಗಳನ್ನು ಕಂಡುಹಿಡಿದರು. ಕೆಲವು ವರ್ಷಗಳೊಳಗೆ ಮ್ಯೂನಿಕ್ಕಿನಲ್ಲಿ ಆಕೆಯ ಮಿದುಳಿನ ಗಾಜಿನ ಫಲಕಗಳೂ ದೊರೆತವು. ಅವುಗಳಲ್ಲಿನ ಸಿಕ್ಕುಗಳೂ ಚುಕ್ಕೆಗಳೂ ಆಲ್ಜೈಮರರು ವರ್ಣಿಸಿದಂತೆಯೇ ಇದ್ದವು. ಕಡತದೊಳಗೆ ಆಲ್ಜೈಮರರ ಹಸ್ತಾಕ್ಷರದ ಪ್ರಶ್ನೋತ್ತರಗಳೂ, ಮಂಡಿಯ ಮೇಲೆ ಕೈಗಳನ್ನು ಸೇರಿಸಿಕೊಂಡು ಕುಳಿತಿರುವ ಆಗುಸ್ಟೆಯ ಭಾವಚಿತ್ರವೂ, ಆಕೆಯು ತನ್ನ ಹೆಸರನ್ನು ಬರೆಯಲು ಯತ್ನಿಸಿದ ಕಾಗದವೂ ಇವೆ.